ಜಾವಾ ವೆಬ್ ಸೇವೆಯ ರಿಫ್ಯಾಕ್ಟರಿಂಗ್

ಚಾಲ್ತಿಯಲ್ಲಿರುವ ತಂತ್ರಾಂಶದ ಹೊರನಡವಳಿಕೆ ಬದಲಾಗದಂತೆ ನೋಡಿಕೊಂಡು, ಅದರ ಒಳರಚನೆಯನ್ನು ಸಣ್ಣ ಸಣ್ಣ ಹೆಜ್ಜೆಗಳಲ್ಲಿ ಸುಧಾರಿಸುವ ಕೆಲಸಕ್ಕೆ ರಿಫ್ಯಾಕ್ಟರಿಂಗ್ ಎನ್ನುತ್ತಾರೆ. ಹೊಸ ಸೌಲಭ್ಯ ಸೇರಿಸುವುದು, ದೋಷ ತಿದ್ದುವುದು, ಇದ್ದದ್ದನ್ನು ಎಸೆದು ಮೊದಲಿನಿಂದ ಬರೆಯುವುದು, ಈ ಮೂರೂ ಬೇರೆಯೇ ಕೆಲಸಗಳು. ವೆಬ್ ಸೇವೆಯ ಮಟ್ಟಿಗೆ ಹೊರನಡವಳಿಕೆ ಎಂದರೆ ಇಂಥ ಕೋರಿಕೆಗೆ ಇಂಥ ಉತ್ತರ ಎಂಬ ಒಪ್ಪಂದ: ಅದೇ ಯುಆರ್‌ಎಲ್, ಅದೇ ಸ್ಥಿತಿಸಂಖ್ಯೆ, ಉತ್ತರದೊಳಗೆ ಅವೇ ಹೆಸರುಗಳು, ಅವೇ ಮೌಲ್ಯಗಳು. ದೇವಸ್ಥಾನದ ಜೀರ್ಣೋದ್ಧಾರ ನಡೆಯುವಾಗ ದೇವರನ್ನು ಬಾಲಾಲಯಕ್ಕೆ ಸ್ಥಳಾಂತರಿಸಿ ಪೂಜೆ ತಪ್ಪದಂತೆ ನೋಡಿಕೊಳ್ಳುತ್ತಾರೆ. ರಿಫ್ಯಾಕ್ಟರಿಂಗಿಗೆ ಆ ಅನುಕೂಲವೂ ಇಲ್ಲ. ಗರ್ಭಗುಡಿಯಲ್ಲಿ ಪೂಜೆ ನಡೆಯುತ್ತಿರುವಾಗಲೇ ಗೋಡೆಯ ಕಲ್ಲು ಬದಲಿಸಬೇಕು.

ಕೋಡನ್ನು ಬಿಡಿಸಿ ಹಂಚುವುದಕ್ಕೆ ‘ಫ್ಯಾಕ್ಟರಿಂಗ್’ ಎನ್ನುವ ರೂಢಿ ಫೋರ್ಥ್ ಭಾಷೆಯವರಲ್ಲಿ ಮೊದಲೇ ಇತ್ತು; 1984ರಲ್ಲಿ ಬಂದ ‘ಥಿಂಕಿಂಗ್ ಫೋರ್ಥ್’ ಪುಸ್ತಕದಲ್ಲಿ ಲಿಯೋ ಬ್ರೋಡಿ ಅದಕ್ಕೊಂದು ಅಧ್ಯಾಯವನ್ನೇ ಮೀಸಲಿಟ್ಟರು. ಅದಕ್ಕೆ ಶಾಸ್ತ್ರದ ರೂಪ ಸಿಕ್ಕಿದ್ದು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ. ರಾಲ್ಫ್ ಜಾನ್ಸನ್ ಮಾರ್ಗದರ್ಶನದಲ್ಲಿ ವಿಲಿಯಂ ಓಪ್ಡೈಕ್ 1992ರಲ್ಲಿ ಬರೆದ ಪಿಎಚ್.ಡಿ. ಪ್ರಬಂಧವು ಯಾವ ಬದಲಾವಣೆ ಯಾವ ಷರತ್ತಿನಲ್ಲಿ ನಿರಪಾಯಕಾರಿ ಎಂಬುದನ್ನು ಕ್ರಮವಾಗಿ ವಿವರಿಸಿತು. ಅದೇ ಬಳಗದ ಜಾನ್ ಬ್ರ್ಯಾಂಟ್ ಮತ್ತು ಡಾನ್ ರಾಬರ್ಟ್ಸ್ ಸ್ಮಾಲ್‌ಟಾಕ್ ಭಾಷೆಗೆಂದು ರಿಫ್ಯಾಕ್ಟರಿಂಗ್ ಬ್ರೌಸರ್ ಎಂಬ ಸಲಕರಣೆಯನ್ನು ಕಟ್ಟಿದರು. ಆದರೂ ಈ ಮಾತು ಸಾಮಾನ್ಯ ಪ್ರೋಗ್ರಾಮರನ ಬಾಯಿಗೆ ಬಂದದ್ದು 1999ರಲ್ಲಿ, ಮಾರ್ಟಿನ್ ಫೌಲರ್ ಅವರ ‘ರಿಫ್ಯಾಕ್ಟರಿಂಗ್’ ಪುಸ್ತಕದಿಂದ. ಅದರ ಉದಾಹರಣೆಗಳೆಲ್ಲ ಜಾವಾದಲ್ಲಿದ್ದವು. ಮೊದಲನೆಯದು ವಿಡಿಯೊ ಬಾಡಿಗೆ ಅಂಗಡಿಯ ಬಿಲ್ಲು: ಸರಳ ಪಠ್ಯವಾಗಿ ಬರುತ್ತಿದ್ದ ಬಿಲ್ಲು ಎಚ್‌ಟಿಎಂಎಲ್ ರೂಪದಲ್ಲೂ ಬೇಕೆಂದಾಗ ಉದ್ದನೆಯ ಒಂದೇ ಮೆಥಡ್ಡನ್ನು ಹೇಗೆ ಬಿಡಿಸಬೇಕು ಎಂಬುದು ಅಲ್ಲಿನ ಪಾಠ. 2018ರ ಎರಡನೆಯ ಆವೃತ್ತಿಯಲ್ಲಿ ಫೌಲರ್ ಜಾವಾ ಬಿಟ್ಟು ಜಾವಾಸ್ಕ್ರಿಪ್ಟ್ ಹಿಡಿದರು. ಕೆಟ್ಟ ರಚನೆಯ ಲಕ್ಷಣಗಳಿಗೆ ಕೋಡಿನ ‘ವಾಸನೆ’ ಎಂಬ ಹೆಸರು ಕೊಟ್ಟವರು ಅವರ ಒಡನಾಡಿ ಕೆಂಟ್ ಬೆಕ್.

ಜಾವಾ 1995ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್‌ನಿಂದ ಹೊರಬಂತು. ಎರಡೇ ವರ್ಷಕ್ಕೆ, 1997ರಲ್ಲಿ, ಸರ್ವ್‌ಲೆಟ್ ಬಂತು. ವೆಬ್ ಕೋರಿಕೆಯೊಂದು ಬಂದಾಗ ಓಡುವ ಜಾವಾ ಕ್ಲಾಸ್ ಅದು. ಇಂದಿಗೂ ಸ್ಪ್ರಿಂಗ್ ಎಂವಿಸಿಯಂಥ ಚೌಕಟ್ಟುಗಳ ಅಡಿಪಾಯದಲ್ಲಿ ಅದೇ ಇದೆ. ಕಲಿಯುವವನು ಮೊದಲು ಬರೆಯುವುದೂ, ಅವಸರದಲ್ಲಿ ಬರೆದು ಹಾಗೇ ಬಿಟ್ಟುಹೋಗುವುದೂ ಒಂದೇ ಸರ್ವ್‌ಲೆಟ್‌ನಲ್ಲಿ ಎಲ್ಲವನ್ನೂ ತುಂಬಿದ ಸೇವೆಯನ್ನೇ.

ಉದಾಹರಣೆಗೆ ಒಂದು ಗ್ರಂಥಾಲಯದ ದಂಡದ ಸೇವೆಯನ್ನು ಕಲ್ಪಿಸಿಕೊಳ್ಳಬಹುದು. ಸದಸ್ಯತ್ವದ ಸಂಖ್ಯೆ ಕಳಿಸಿದರೆ ಅವರ ಬಳಿಯಿರುವ ಪುಸ್ತಕಗಳು, ಗಡುವು ಮೀರಿದ ದಿನಗಳು, ಕಟ್ಟಬೇಕಾದ ದಂಡ ಇಷ್ಟನ್ನು ಅದು ಜೇಸನ್ ರೂಪದಲ್ಲಿ ಹಿಂದಿರುಗಿಸುತ್ತದೆ. 15 ದಿನ ದಂಡವಿಲ್ಲ. ಆಮೇಲಿನ ಮೊದಲ 7 ದಿನ ದಿನಕ್ಕೆ 1 ರೂಪಾಯಿ, ನಂತರ ದಿನಕ್ಕೆ 2 ರೂಪಾಯಿ, ವಿದ್ಯಾರ್ಥಿಗಳಿಗೆ ಅರ್ಧ. ಇಡೀ ಸೇವೆ 200 ಸಾಲಿನ ಒಂದೇ ಮೆಥಡ್. ಮೇಲಿನ ಸಾಲುಗಳಲ್ಲಿ ಕೋರಿಕೆಯಿಂದ ಸದಸ್ಯ ಸಂಖ್ಯೆ ತೆಗೆಯುತ್ತದೆ, ಅದರ ಕೆಳಗೆ ಡೇಟಾಬೇಸಿನ ವಿಳಾಸ ಮತ್ತು ಪಾಸ್‌ವರ್ಡ್ ಬರೆದು ಸಂಪರ್ಕ ತೆರೆಯುತ್ತದೆ, ಎಸ್‌ಕ್ಯುಎಲ್ ವಾಕ್ಯಕ್ಕೆ ಸದಸ್ಯ ಸಂಖ್ಯೆಯನ್ನು ಪ್ಲಸ್ ಚಿಹ್ನೆಯಿಂದ ಅಂಟಿಸುತ್ತದೆ, ಸಿಕ್ಕ ಸಾಲುಗಳ ಮೇಲೆ ಲೂಪ್ ಓಡಿಸುತ್ತ ದಂಡದ ಲೆಕ್ಕ ಹಾಕುತ್ತದೆ, ಅದೇ ಲೂಪಿನಲ್ಲಿ ಉದ್ಧರಣ ಚಿಹ್ನೆಗಳನ್ನು ಕೈಯಾರೆ ಜೋಡಿಸಿ ಜೇಸನ್ ಹೆಣೆಯುತ್ತದೆ.

ಇದು ಕೆಲಸ ಮಾಡುತ್ತದೆ. ವರ್ಷಗಟ್ಟಲೆ ಮಾಡುತ್ತದೆ. ತೊಂದರೆ ಕಾಣುವುದು ನಿಯಮ ಬದಲಾದ ದಿನ.

ಗ್ರಂಥಾಲಯದ ಸಮಿತಿ 15 ದಿನದ ಅವಧಿಯನ್ನು 30ಕ್ಕೆ ಏರಿಸಿತು ಎಂದುಕೊಳ್ಳೋಣ. ಕೋಡಿನಲ್ಲಿ ಗಡುವಿನ ಲೆಕ್ಕ ಮಿಲಿಸೆಕೆಂಡುಗಳಲ್ಲಿದೆ: 15 ಗುಣಿಸು 24 ಗುಣಿಸು 60 ಗುಣಿಸು 60 ಗುಣಿಸು 1000. ಪ್ರೋಗ್ರಾಮರ್ 15ನ್ನು 30 ಮಾಡಿದರು. ಜಾವಾದ ಇಂಟ್ ಮಾದರಿಯಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 2,147,483,647. 15 ದಿನದ ಮೊತ್ತ 1,296,000,000, ಅದು ಹಿಡಿಸುತ್ತಿತ್ತು. 30 ದಿನದ್ದು 2,592,000,000. ಅದು ಉಕ್ಕಿ, ಸುತ್ತು ಹೊಡೆದು, ಋಣ 1,702,967,296 ಆಗುತ್ತದೆ. ಕಂಪೈಲರ್ ಚಕಾರ ಎತ್ತುವುದಿಲ್ಲ. ಗಡುವು ಮುಂದಕ್ಕೆ ಹೋಗುವ ಬದಲು ಸುಮಾರು ಹತ್ತೊಂಬತ್ತೂಮುಕ್ಕಾಲು ದಿನ ಹಿಂದಕ್ಕೆ ಸರಿಯುತ್ತದೆ. ಇವತ್ತು ಒಯ್ದ ಪುಸ್ತಕಕ್ಕೆ ಇವತ್ತೇ 19 ದಿನದ ದಂಡ, ಅಂದರೆ 31 ರೂಪಾಯಿ. ಸಂಖ್ಯೆಯ ಕೊನೆಗೆ ಒಂದು ಎಲ್ ಅಕ್ಷರ ಸೇರಿಸಿ ಲಾಂಗ್ ಮಾದರಿಗೆ ಬದಲಿಸಿದ್ದರೆ ಇದು ನಿಲ್ಲುತ್ತಿತ್ತು, ನಿಜ. ಹುಡುಕಿ ನೋಡಿದರೆ ಅದೇ ಗುಣಾಕಾರ ಇನ್ನೆರಡು ಕಡೆ ಇದೆ: ಎಸ್‌ಎಂಎಸ್ ನೆನಪೋಲೆ ಕಳಿಸುವಲ್ಲಿ ಒಂದು, ತಿಂಗಳ ವರದಿಯಲ್ಲಿ ಒಂದು. ಒಂದೇ ನಿಯಮವನ್ನು ಮೂರು ಕಡೆ ಬರೆದಿರುವುದೇ ಇಲ್ಲಿನ ಮೂಲರೋಗ. ಬದಲಾವಣೆಯನ್ನು ಹಿಂದಕ್ಕೆ ಪಡೆದು, 15ಕ್ಕೇ ಮರಳಿ, ಮೊದಲು ರಚನೆ ಸರಿಪಡಿಸಬೇಕು.

ಮೊದಲ ಹೆಜ್ಜೆಯಲ್ಲಿ ಕೋಡನ್ನು ಮುಟ್ಟುವಂತಿಲ್ಲ. ಈಗಿನ ಸೇವೆ ಯಾವ ಕೋರಿಕೆಗೆ ಯಾವ ಉತ್ತರ ಕೊಡುತ್ತಿದೆ ಎಂಬುದನ್ನು ಟೆಸ್ಟುಗಳಾಗಿ ಬರೆದಿಡಬೇಕು. ಮೈಕೆಲ್ ಫೆದರ್ಸ್ 2004ರ ತಮ್ಮ ಪುಸ್ತಕದಲ್ಲಿ ಇವನ್ನು ಕ್ಯಾರೆಕ್ಟರೈಸೇಶನ್ ಟೆಸ್ಟ್ ಎಂದು ಕರೆದರು. ಟೆಸ್ಟ್ ಇಲ್ಲದ ಕೋಡೇ ‘ಲೆಗಸಿ’ ಕೋಡ್ ಎಂಬುದು ಅವರ ವ್ಯಾಖ್ಯೆ. ಗಡುವು ಮೀರಿ 7ನೇ ದಿನಕ್ಕೆ ಎಷ್ಟು, 8ನೇ ದಿನಕ್ಕೆ ಎಷ್ಟು, ಇಲ್ಲದ ಸದಸ್ಯನ ಸಂಖ್ಯೆ ಕೊಟ್ಟರೆ ಏನು ಬರುತ್ತದೆ, ಪುಸ್ತಕವೇ ಇಲ್ಲದ ಸದಸ್ಯನಿಗೆ ಏನು? ಉತ್ತರ ಸರಿಯೋ ತಪ್ಪೋ ಎಂಬ ವಿಚಾರಣೆ ಈ ಹಂತದಲ್ಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ದಾಖಲಿಸುವುದಷ್ಟೇ. ಜಾವಾದಲ್ಲಿ ಈ ಕೆಲಸಕ್ಕೆ ಜೆಯುನಿಟ್ ಇದೆ. 1997ರಲ್ಲಿ ಜ್ಯೂರಿಕ್‌ನಿಂದ ಅಟ್ಲಾಂಟಾಕ್ಕೆ ಹೊರಟ ವಿಮಾನದಲ್ಲಿ ಕೂತು ಕೆಂಟ್ ಬೆಕ್ ಮತ್ತು ಎರಿಕ್ ಗಾಮಾ ಅದರ ಮೊದಲ ರೂಪ ಬರೆದರು.

ಇನ್ನು ಬಿಡಿಸುವ ಕೆಲಸ. ದಂಡದ ಲೆಕ್ಕಕ್ಕೆ ವೆಬ್ ಗೊತ್ತಿರಬೇಕಾಗಿಲ್ಲ, ಡೇಟಾಬೇಸೂ ಗೊತ್ತಿರಬೇಕಾಗಿಲ್ಲ. ಒಯ್ದ ದಿನ, ಇಂದಿನ ದಿನ, ಸದಸ್ಯನ ವರ್ಗ ಈ ಮೂರು ಕೊಟ್ಟರೆ ಮೊತ್ತ ಹೇಳಿದರೆ ಸಾಕು. ಆ ಹತ್ತು ಹನ್ನೆರಡು ಸಾಲುಗಳನ್ನು ಆಯ್ದು, ಐಡಿಇಯ ‘ಎಕ್ಸ್‌ಟ್ರ್ಯಾಕ್ಟ್ ಮೆಥಡ್’ ಆಜ್ಞೆ ಕೊಟ್ಟು, ಬಂದ ಮೆಥಡ್ಡನ್ನು ‘ದಂಡನಿಯಮ’ ಎಂಬ ಹೊಸ ಕ್ಲಾಸಿಗೆ ಸಾಗಿಸಬೇಕು. ಟೆಸ್ಟುಗಳನ್ನು ಓಡಿಸಬೇಕು, ಹಸಿರು ಬಂದರೆ ಕಮಿಟ್ ಮಾಡಬೇಕು. ನೆನಪೋಲೆಯ ಕೋಡೂ ವರದಿಯ ಕೋಡೂ ಅದೇ ಕ್ಲಾಸನ್ನು ಕೇಳುವಂತೆ ಮಾಡುವುದು ಮುಂದಿನೆರಡು ಕಮಿಟ್‌ಗಳು. ದಂಡದ ಮೊತ್ತ ಡಬಲ್ ಮಾದರಿಯಲ್ಲಿದ್ದರೆ ಅದನ್ನು ಪೈಸೆಗಳ ಪೂರ್ಣಾಂಕಕ್ಕೆ ಬದಲಿಸುವುದು ಲೇಸು. ಜಾವಾದಲ್ಲಿ ಡಬಲ್ ಬಳಸಿ 0.1ಕ್ಕೆ 0.2 ಕೂಡಿಸಿದರೆ ಬರುವುದು 0.30000000000000004. ವಿದ್ಯಾರ್ಥಿಯ 13 ರೂಪಾಯಿ ದಂಡದ ಅರ್ಧ 650 ಪೈಸೆ ಎಂದರೆ ಯಾರಿಗೂ ಗೊಂದಲವಿಲ್ಲ.

ಇಲ್ಲೇ ಒಂದು ಸೂಕ್ಷ್ಮವಿದೆ, ಅನುಭವಿಗಳೂ ಎಡವುವಂಥದ್ದು. ಮಿಲಿಸೆಕೆಂಡಿನ ಲೆಕ್ಕ ನೋಡಿದ ಯಾರಿಗಾದರೂ ಅದನ್ನು ಕಿತ್ತು, 2014ರಲ್ಲಿ ಜಾವಾ 8ರೊಂದಿಗೆ ಬಂದ ಲೋಕಲ್‌ಡೇಟ್ ಬಳಸುವ ಮನಸ್ಸಾಗುತ್ತದೆ. ಆದರೆ ಎರಡರ ಉತ್ತರ ಒಂದೇ ಅಲ್ಲ. ಜೂನ್ 1ರ ಸಂಜೆ 4ಕ್ಕೆ ಒಯ್ದ ಪುಸ್ತಕದ ಗಡುವು ಹಳೆಯ ಕೋಡಿನಲ್ಲಿ ಜೂನ್ 16ರ ಸಂಜೆ 4. ಸದಸ್ಯ ಜೂನ್ 20ರ ಬೆಳಿಗ್ಗೆ 11ಕ್ಕೆ ಬಂದರೆ ಆಗಿರುವುದು 3 ದಿನ 19 ಗಂಟೆ, ಹಳೆಯ ಕೋಡು ಅದನ್ನು 3 ಎಂದು ಎಣಿಸುತ್ತದೆ. ಕ್ಯಾಲೆಂಡರ್ ಪ್ರಕಾರ 4 ದಿನ. ಒಂದು ರೂಪಾಯಿಯ ವ್ಯತ್ಯಾಸವಾದರೂ ನಡವಳಿಕೆ ಬದಲಾಯಿತು, ಹಾಗಾಗಿ ಅದು ರಿಫ್ಯಾಕ್ಟರಿಂಗ್ ಆಗಲಿಲ್ಲ. ಯಾವುದು ಸರಿ ಎಂದು ತೀರ್ಮಾನಿಸಬೇಕಾದವರು ಗ್ರಂಥಪಾಲಕರು. ಅವರನ್ನು ಕೇಳಿ, ಟೆಸ್ಟನ್ನು ತಿದ್ದಿ, ಪ್ರತ್ಯೇಕ ಕಮಿಟ್ಟಿನಲ್ಲಿ ಆ ಬದಲಾವಣೆ ಮಾಡಬೇಕು. ರಚನೆಯ ಬದಲಾವಣೆ ಮತ್ತು ನಡವಳಿಕೆಯ ಬದಲಾವಣೆಯನ್ನು ಒಂದೇ ಕಮಿಟ್ಟಿನಲ್ಲಿ ಕಲಸಿದರೆ, ನಾಳೆ ತಪ್ಪು ಕಂಡಾಗ ಯಾವುದರಿಂದ ಬಂತೆಂದು ಬೇರ್ಪಡಿಸುವುದು ಬಲು ಕಷ್ಟ.

‘ಇಂದು’ ಎಂಬುದೂ ಹೊರಗಿನಿಂದ ಬರಬೇಕಾದ ವಸ್ತು. ಲೆಕ್ಕದ ಒಳಗೇ ಗಡಿಯಾರ ನೋಡುವ ಕೋಡಿನ ಟೆಸ್ಟ್ ಈ ತಿಂಗಳು ಪಾಸಾಗಿ ಮುಂದಿನ ತಿಂಗಳು ಫೇಲಾಗುತ್ತದೆ. ಜಾವಾದ ಕ್ಲಾಕ್ ಎಂಬ ಕ್ಲಾಸನ್ನು ಕನ್‌ಸ್ಟ್ರಕ್ಟರ್ ಮೂಲಕ ಒಳಗೆ ಕೊಟ್ಟರೆ ಟೆಸ್ಟಿನಲ್ಲಿ ಅದನ್ನು ಬೇಕಾದ ದಿನಕ್ಕೆ ನಿಲ್ಲಿಸಬಹುದು.

ಡೇಟಾಬೇಸಿನ ಭಾಗ ‘ಎರವಲುಭಂಡಾರ’ ಎಂಬ ಇನ್ನೊಂದು ಕ್ಲಾಸಿಗೆ ಹೋಗುತ್ತದೆ. ಅಂಟಿಸಿದ ಎಸ್‌ಕ್ಯುಎಲ್ ಬದಲು ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಬರುತ್ತದೆ. ಸದಸ್ಯ ಸಂಖ್ಯೆಯ ಜಾಗದಲ್ಲಿ ಎಸ್‌ಕ್ಯುಎಲ್ ತುಣುಕು ತುರುಕುವ ಇಂಜೆಕ್ಷನ್ ದಾಳಿಗೆ ಇದೇ ಮದ್ದು. ಓವಾಸ್ಪ್ ಸಂಸ್ಥೆಯ ವೆಬ್ ಅಪಾಯಗಳ ಪಟ್ಟಿಯಲ್ಲಿ 2010, 2013 ಮತ್ತು 2017ರಲ್ಲಿ ಇಂಜೆಕ್ಷನ್ನೇ ಮೊದಲ ಸ್ಥಾನದಲ್ಲಿತ್ತು. ತೆರೆದ ಸಂಪರ್ಕ ಮುಚ್ಚುವುದನ್ನು 2011ರ ಜಾವಾ 7 ತಂದ ‘ಟ್ರೈ-ವಿತ್-ರಿಸೋರ್ಸಸ್’ ನೋಡಿಕೊಳ್ಳುತ್ತದೆ. ಹಳೆಯ ಸರ್ವ್‌ಲೆಟ್‌ಗಳಲ್ಲಿ ಹುದುಗಿರುವ ಇನ್ನೊಂದು ಕುತ್ತು ದಿನಾಂಕವನ್ನು ಪಠ್ಯವಾಗಿಸುವ ಸಿಂಪಲ್‌ಡೇಟ್‌ಫಾರ್ಮ್ಯಾಟ್. ಸರ್ವ್‌ಲೆಟ್‌ನ ಒಂದೇ ಪ್ರತಿಯನ್ನು ಹಲವು ಥ್ರೆಡ್‌ಗಳು ಏಕಕಾಲಕ್ಕೆ ಬಳಸುತ್ತವೆ. ದಿನಾಂಕದ ಆ ಕ್ಲಾಸು ಹಾಗೆ ಹಂಚಿಕೊಳ್ಳಲು ತಕ್ಕುದಲ್ಲ. ಒಬ್ಬನೇ ಪರೀಕ್ಷಿಸುವಾಗ ಎಲ್ಲ ಸರಿಯಿದ್ದು, ಜನಸಂದಣಿಯ ಹೊತ್ತಿನಲ್ಲಿ ಒಬ್ಬರ ದಿನಾಂಕ ಇನ್ನೊಬ್ಬರ ಉತ್ತರದಲ್ಲಿ ಕಾಣಿಸಿಕೊಳ್ಳುವ ಬಗೆ ಇದು.

ಕನ್ನಡದಲ್ಲಿ ವ್ಯವಹರಿಸುವ ಸೇವೆಗಳಿಗೆ ಒಂದು ವಿಶೇಷ ತಪಾಸಣೆ ಬೇಕು. ಸರ್ವ್‌ಲೆಟ್ ನಿಯಮಾವಳಿಯ ಪ್ರಕಾರ, ಬೇರೇನೂ ಹೇಳದಿದ್ದರೆ ಉತ್ತರದ ಅಕ್ಷರಸಂಕೇತ ಐಎಸ್‌ಒ-8859-1. ಪಶ್ಚಿಮ ಯುರೋಪಿನ ಭಾಷೆಗಳಿಗೆಂದು ಮಾಡಿದ ಈ ಸಂಕೇತದಲ್ಲಿ ಕನ್ನಡವಿಲ್ಲ, ಹಾಗಾಗಿ ಪುಸ್ತಕದ ಹೆಸರಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಹೊರಬೀಳುತ್ತದೆ. ಯುಟಿಎಫ್-8 ಎಂದು ಹೇಳುವ ಸಾಲು ಉತ್ತರದ ರೈಟರ್ ಪಡೆಯುವ ಸಾಲಿಗಿಂತ ಮೇಲಿರಬೇಕು. ಅಂದವಾಗಲೆಂದು ಸಾಲುಗಳನ್ನು ಅದಲುಬದಲು ಮಾಡಿದರೆ ಕನ್ನಡ ಕಾಣೆಯಾಗುತ್ತದೆ, ಇಂಗ್ಲಿಷ್ ಹೆಸರುಗಳಿಗೆ ಏನೂ ಆಗುವುದಿಲ್ಲ. ಉದ್ದದ ಮಿತಿಯದೂ ಇದೇ ಕಥೆ. ‘ಕನ್ನಡ’ ಎಂಬ ಪದ ಓದುವವರಿಗೆ ಮೂರಕ್ಷರ, ಜಾವಾದ ಲೆಂಗ್ತ್ ಮೆಥಡ್ಡಿಗೆ 5, ಯುಟಿಎಫ್-8ರಲ್ಲಿ 15 ಬೈಟ್. ಆದ್ದರಿಂದ ಕ್ಯಾರೆಕ್ಟರೈಸೇಶನ್ ಟೆಸ್ಟುಗಳಲ್ಲಿ ಒತ್ತಕ್ಷರವಿರುವ ಕನ್ನಡದ ಹೆಸರೊಂದಾದರೂ ಇರಲೇಬೇಕು.

ಸರ್ವ್‌ಲೆಟ್‌ನಲ್ಲಿ ಈಗ ಉಳಿಯುವುದು ಕೋರಿಕೆ ಓದಿ, ಭಂಡಾರವನ್ನೂ ನಿಯಮವನ್ನೂ ಕೇಳಿ, ಉತ್ತರ ಬರೆಯುವ ಹದಿನೈದಿಪ್ಪತ್ತು ಸಾಲು. ಭಂಡಾರವೂ ನಿಯಮವೂ ಕ್ಲಾಕ್‌ನಂತೆ ಅದಕ್ಕೆ ಹೊರಗಿನಿಂದಲೇ ಸಿಗುತ್ತವೆ. ಒಂದು ಕ್ಲಾಸಿಗೆ ಬೇಕಾದ ಸಹಾಯಕ ವಸ್ತುಗಳನ್ನು ಅದು ತಾನೇ ಸೃಷ್ಟಿಸಿಕೊಳ್ಳದೆ ಹೊರಗಿನಿಂದ ಪಡೆಯುವ ಈ ಪದ್ಧತಿಗೆ ‘ಡಿಪೆಂಡೆನ್ಸಿ ಇಂಜೆಕ್ಷನ್’ ಎಂಬ ಹೆಸರು ಗಟ್ಟಿಯಾದದ್ದು 2004ರ ಫೌಲರ್ ಲೇಖನದಿಂದ. ಅದೇ ವರ್ಷ 1.0 ಆವೃತ್ತಿ ಕಂಡ ಸ್ಪ್ರಿಂಗ್ ಚೌಕಟ್ಟು ಇದನ್ನು ಮನೆಮಾತಾಗಿಸಿತು. ಆ ಚೌಕಟ್ಟಿನ ಬೀಜವಿದ್ದದ್ದು ರಾಡ್ ಜಾನ್ಸನ್ 2002ರಲ್ಲಿ ಪ್ರಕಟಿಸಿದ ಪುಸ್ತಕದ ಕೋಡಿನಲ್ಲಿ. ಬದಲಾಗಬಹುದಾದ ಒಂದೊಂದು ತೀರ್ಮಾನವನ್ನು ಒಂದೊಂದು ಘಟಕದೊಳಗೆ ಅಡಗಿಸಿಡಬೇಕೆಂಬ ವಿಚಾರ ಇನ್ನೂ ಹಿಂದಿನದು. ಡೇವಿಡ್ ಪಾರ್ನಾಸ್ ಅದನ್ನು 1972ರಲ್ಲೇ ಬರೆದಿದ್ದರು.

ಚೌಕಟ್ಟು ಬಂದಮೇಲೆ ರಿಫ್ಯಾಕ್ಟರಿಂಗ್ ಸುಲಭವಾಗುತ್ತದೆ, ಜೊತೆಗೆ ಕಣ್ಣಿಗೆ ಕಾಣದ ಹೊಂಡಗಳೂ ಹುಟ್ಟುತ್ತವೆ. ಸ್ಪ್ರಿಂಗ್ ಸೇವೆಗಳಲ್ಲಿ ಜಾಕ್ಸನ್ ಎಂಬ ಲೈಬ್ರರಿ ಜಾವಾ ವಸ್ತುವಿನ ಗುಣಗಳ ಹೆಸರನ್ನೇ ಜೇಸನ್ನಿನ ಹೆಸರಾಗಿ ಬಳಸುತ್ತದೆ. ಐಡಿಇಯಲ್ಲಿ ‘ಗಡುವು’ ಎಂಬ ಗುಣವನ್ನು ‘ಹಿಂದಿರುಗಿಸುವ ದಿನ’ ಎಂದು ಮರುನಾಮಕರಣ ಮಾಡಿದರೆ ಜಾವಾದೊಳಗಿನ ಬಳಕೆಗಳೆಲ್ಲ ತಾವಾಗಿ ಬದಲಾಗುತ್ತವೆ, ಕಂಪೈಲರ್ ಒಪ್ಪುತ್ತದೆ. ಆದರೆ ಹಳೆಯ ಹೆಸರು ಹುಡುಕುವ ಮೊಬೈಲ್ ಆ್ಯಪ್‌ನಲ್ಲಿ ಆ ಜಾಗ ಖಾಲಿ. ಹೊರಗಿನ ಹೆಸರನ್ನು ಅನೊಟೇಶನ್ ಬರೆದು ಬಿಗಿಯಬೇಕು, ಅಥವಾ ಉತ್ತರಕ್ಕೆಂದೇ ಬೇರೆ ರೆಕಾರ್ಡ್ ಇಟ್ಟುಕೊಳ್ಳಬೇಕು. 2021ರ ಜಾವಾ 16ರಲ್ಲಿ ಪಕ್ಕಾ ಆದ ರೆಕಾರ್ಡ್ ಇದಕ್ಕೆ ಹೇಳಿಮಾಡಿಸಿದಂತಿದೆ. ‘ಟ್ರಾನ್ಸಾಕ್ಷನಲ್’ ಎಂಬ ಅನೊಟೇಶನ್ ಇನ್ನೊಂದು ಹೊಂಡ. ಸ್ಪ್ರಿಂಗ್ ಅದನ್ನು ಕ್ಲಾಸಿನ ಹೊರಗೆ ನಿಲ್ಲಿಸಿದ ಪ್ರಾಕ್ಸಿಯ ಮೂಲಕ ನಡೆಸುತ್ತದೆ. ಉದ್ದ ಮೆಥಡ್ಡಿನಿಂದ ಒಂದು ಭಾಗ ಬಿಡಿಸಿ, ಅದೇ ಕ್ಲಾಸಿನಲ್ಲಿಟ್ಟು, ಅನೊಟೇಶನ್ನನ್ನು ಆ ಹೊಸ ಮೆಥಡ್ಡಿಗೆ ಸಾಗಿಸಿದರೆ ಕರೆ ಒಳಗಿಂದೊಳಗೇ ಹೋಗುತ್ತದೆ, ಪ್ರಾಕ್ಸಿಯನ್ನು ದಾಟುವುದೇ ಇಲ್ಲ. ಮಧ್ಯದಲ್ಲಿ ತಪ್ಪಾದಾಗ ಪೂರ್ತಿ ರದ್ದಾಗಬೇಕಾದ ವ್ಯವಹಾರ ಅರ್ಧಕ್ಕೇ ಉಳಿದುಹೋಗುತ್ತದೆ.

ಕೋಡಿನ ಒಂದು ಭಾಗದ ಜಾಗ ಬದಲಿಸಿದ್ದು ಎಷ್ಟು ದುಬಾರಿಯಾಗಬಹುದು ಎಂಬುದಕ್ಕೆ ನೈಟ್ ಕ್ಯಾಪಿಟಲ್ ಪ್ರಕರಣ ಸಾಕ್ಷಿ. ಭಾಷೆ ಯಾವುದಾದರೂ ಪಾಠ ಒಂದೇ. ಅಮೆರಿಕದ ಈ ಷೇರು ವ್ಯವಹಾರ ಸಂಸ್ಥೆ 2003ರಲ್ಲಿ ಬಳಕೆ ನಿಲ್ಲಿಸಿದ್ದ ಪವರ್ ಪೆಗ್ ಎಂಬ ಸೌಲಭ್ಯದ ಕೋಡನ್ನು ತೆಗೆಯದೆ ಹಾಗೇ ಬಿಟ್ಟಿತ್ತು. ಆದೇಶ ಪೂರ್ತಿಯಾಯಿತೇ ಎಂದು ಎಣಿಸುವ ಭಾಗವನ್ನು 2005ರಲ್ಲಿ ಬೇರೆ ಜಾಗಕ್ಕೆ ಸಾಗಿಸಿದರು. ಪವರ್ ಪೆಗ್ ಅದರಿಂದ ಕೆಟ್ಟಿತೇ ಎಂದು ಮತ್ತೆ ಪರೀಕ್ಷಿಸಲಿಲ್ಲ. 2012ರ ಆಗಸ್ಟ್ 1ರಂದು ಹೊಸ ಕೋಡು 8 ಸರ್ವರ್‌ಗಳ ಪೈಕಿ 7ಕ್ಕೆ ಮಾತ್ರ ತಲುಪಿತ್ತು. ಹಿಂದೆ ಪವರ್ ಪೆಗ್ಗಿಗಿದ್ದ ಗುರುತನ್ನೇ (ಫ್ಲ್ಯಾಗ್) ಹೊಸ ಕೋಡಿಗೂ ಬಳಸಿದ್ದರಿಂದ ಎಂಟನೆಯದರಲ್ಲಿ ಅದು ಪವರ್ ಪೆಗ್ಗನ್ನು ಎಬ್ಬಿಸಿತು. ಎಣಿಕೆಯಿಲ್ಲದ ಅದು ಆದೇಶ ಕಳಿಸುತ್ತಲೇ ಹೋಯಿತು. ಸುಮಾರು 45 ನಿಮಿಷದಲ್ಲಿ 40 ಲಕ್ಷಕ್ಕೂ ಹೆಚ್ಚು ವಹಿವಾಟು, 46 ಕೋಟಿ ಡಾಲರಿಗೂ ಹೆಚ್ಚು ನಷ್ಟ. ಸತ್ತ ಕೋಡನ್ನು ಅಳಿಸುವುದು ರಿಫ್ಯಾಕ್ಟರಿಂಗಿನ ಅತಿ ಸುಲಭದ ಹೆಜ್ಜೆ, ಅದನ್ನೇ ಜನ ಮುಂದೂಡುವುದು ಹೆಚ್ಚು.

ಸ್ವಚ್ಛ ವಿನ್ಯಾಸವೆಂದರೆ ಹೆಚ್ಚು ಪದರಗಳು ಎಂಬ ನಂಬಿಕೆ ಜಾವಾ ವಲಯದಲ್ಲಿ ಆಳವಾಗಿ ಬೇರೂರಿದೆ. ಕಂಟ್ರೋಲರ್, ಸರ್ವಿಸ್, ರೆಪಾಸಿಟರಿ ಎಂಬ ಮೂರು ಪದರ, ಪ್ರತಿ ಕ್ಲಾಸಿಗೂ ಒಂದು ಇಂಟರ್‌ಫೇಸ್, ಪ್ರತಿ ಪದರಕ್ಕೂ ಬೇರೆ ವಸ್ತು. ಕೊನೆಗೆ ಒಂದು ಹೆಸರು ಬದಲಿಸಲು ಏಳು ಫೈಲು ತೆರೆಯಬೇಕು. ಇದು ರೋಗಕ್ಕೆ ಕೊಟ್ಟ ಮದ್ದೇ ರೋಗವಾದಂತೆ. ಸ್ಪ್ರಿಂಗ್ ಬಳಗದವರೇ ಮಾದರಿಗೆಂದು ಇಟ್ಟಿರುವ ಪೆಟ್‌ಕ್ಲಿನಿಕ್ ಎಂಬ ಸಾಕುಪ್ರಾಣಿ ಆಸ್ಪತ್ರೆಯ ಆ್ಯಪ್‌ನ ಇತಿಹಾಸ ಇಲ್ಲಿ ಗಮನಾರ್ಹ. ಅದರಲ್ಲಿ ಹಿಂದೆ ಕ್ಲಿನಿಕ್‌ಸರ್ವಿಸ್ ಎಂಬ ನಡುಪದರವಿತ್ತು. ಅದರ ಬಹುಪಾಲು ಮೆಥಡ್‌ಗಳು ಬಂದ ಕರೆಯನ್ನು ರೆಪಾಸಿಟರಿಗೆ ದಾಟಿಸುತ್ತಿದ್ದವು, ಅಷ್ಟೇ. ಸ್ಪ್ರಿಂಗ್ ಬೂಟ್‌ಗೆ ಹೊಂದಿಸಿದ ಮುಖ್ಯ ಆವೃತ್ತಿಯಲ್ಲಿ ಆ ಪದರವನ್ನೇ ಕೈಬಿಟ್ಟು, ಕೋಡನ್ನು ‘ಮಾಲೀಕ’, ‘ಪಶುವೈದ್ಯ’ ಎಂದು ವಿಷಯಾನುಸಾರ ವಿಂಗಡಿಸಿದರು. ಮೂರು ಪದರದ ಹಳೆಯ ರೂಪವೂ ಬೇರೆ ಕವಲಾಗಿ ಉಳಿದಿದೆ, ಎರಡನ್ನೂ ಪಕ್ಕಪಕ್ಕ ಇಟ್ಟು ಓದುವುದು ಒಳ್ಳೆಯ ಅಭ್ಯಾಸ. ದಂಡದ ಸೇವೆಗೂ ನಡುಪದರ ಬೇಡ. ದಂಡ ಕಟ್ಟಿಸಿಕೊಂಡು, ರಸೀದಿ ಕೊಟ್ಟು, ಖಾತೆ ತಿದ್ದುವ ಕೆಲಸ ಒಂದೇ ವ್ಯವಹಾರದಲ್ಲಿ ಆಗಬೇಕಾದಾಗ ಅದು ಬೇಕಾಗುತ್ತದೆ. ಆಗ ಸೇರಿಸಿದರಾಯಿತು.

ಸೇವೆ ದೊಡ್ಡದಿದ್ದು ಒಳಗಿನಿಂದ ಬಿಡಿಸಲಾಗದಿದ್ದರೆ, ಹಳೆಯದರ ಮುಂದೆ ಹೊಸದನ್ನು ನಿಲ್ಲಿಸಿ ಒಂದೊಂದೇ ಯುಆರ್‌ಎಲ್ಲನ್ನು ಹೊಸದಕ್ಕೆ ತಿರುಗಿಸುತ್ತ ಹೋಗುವ ಮಾರ್ಗವಿದೆ. ಇದಕ್ಕೆ ಫೌಲರ್ 2004ರಲ್ಲಿ ಕೊಟ್ಟ ಹೆಸರು ಆಸ್ಟ್ರೇಲಿಯಾದ ಕಾಡಿನಲ್ಲಿ ಕಂಡ ಸ್ಟ್ರ್ಯಾಂಗ್ಲರ್ ಫಿಗ್ ಮರದಿಂದ ಬಂತು. ನಮ್ಮ ಕಡೆ ತಾಳೆಮರದ ತಲೆಯ ಮೇಲೆ ಹಕ್ಕಿ ಬೀಳಿಸಿದ ಬೀಜದಿಂದ ಹುಟ್ಟಿ, ಬೇರು ಇಳಿಬಿಟ್ಟು, ಕೊನೆಗೆ ಆ ಮರವನ್ನೇ ಬಳಸಿ ನಿಲ್ಲುವ ಆಲವನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೀಗೆ ಮಾಡದೆ ಎಲ್ಲವನ್ನೂ ಎಸೆದು ಮೊದಲಿನಿಂದ ಬರೆಯಹೊರಟ ನೆಟ್‌ಸ್ಕೇಪ್‌ನ ಗತಿ ಬೇರೆ: ಅದರ ಬ್ರೌಸರಿನ 4ನೇ ಆವೃತ್ತಿ 1997ರಲ್ಲಿ ಬಂದಿತ್ತು, ಮುಂದಿನ ದೊಡ್ಡ ಆವೃತ್ತಿ 2000ದ ನವೆಂಬರ್‌ವರೆಗೂ ಬರಲಿಲ್ಲ. ಅಷ್ಟರಲ್ಲಿ ಮಾರುಕಟ್ಟೆ ಇಂಟರ್ನೆಟ್ ಎಕ್ಸ್‌ಪ್ಲೋರರ್ ಕೈಸೇರಿತ್ತು.

ಯಾಂತ್ರಿಕವಾದ ಬದಲಾವಣೆಗಳನ್ನು ಇಂದು ಸಲಕರಣೆಗಳೇ ಮಾಡುತ್ತವೆ. 2001ರಲ್ಲಿ ಬಂದ ಇಂಟೆಲಿಜೆ ಐಡಿಯಾ ಮತ್ತು ಎಕ್ಲಿಪ್ಸ್ ಜಾವಾದ ರಿಫ್ಯಾಕ್ಟರಿಂಗನ್ನು ಮೆನುವಿನ ಆಜ್ಞೆಗಳಾಗಿಸಿದವು. ಆರಕಲ್ ಸಂಸ್ಥೆ ಎಂಟರ್‌ಪ್ರೈಸ್ ಜಾವಾವನ್ನು ಎಕ್ಲಿಪ್ಸ್ ಫೌಂಡೇಶನ್ನಿಗೆ ಒಪ್ಪಿಸಿದ ಮೇಲೆ 2020ರಲ್ಲಿ ‘ಜಾವಾಕ್ಸ್’ ಎಂದಿದ್ದ ಪ್ಯಾಕೇಜುಗಳು ‘ಜಕಾರ್ತಾ’ ಆದವು, 2022ರ ಸ್ಪ್ರಿಂಗ್ ಬೂಟ್ 3 ಅದನ್ನು ಕಡ್ಡಾಯ ಮಾಡಿತು. ಆಗ ಸಾವಿರಾರು ಫೈಲುಗಳನ್ನು ತಿದ್ದಲು ಓಪನ್‌ರಿರೈಟ್‌ನಂಥವು ಒದಗಿದವು. ದಂಡದ ನಿಯಮ ಎಲ್ಲಿರಬೇಕು ಎಂಬ ತೀರ್ಮಾನ ಈಗಲೂ ಪ್ರೋಗ್ರಾಮರನದೇ.

ಗ್ರಂಥಾಲಯದ ಸೇವೆಯಲ್ಲಿ ಸಮಿತಿಯ ಹೊಸ ನಿಯಮ ಇನ್ನೂ ಜಾರಿಯಾಗಿರಲಿಲ್ಲ. ಕ್ಯಾಲೆಂಡರ್ ದಿನಗಳೇ ಸರಿಯೆಂದು ಗ್ರಂಥಪಾಲಕರು ಒಪ್ಪಿಗೆ ಕೊಟ್ಟಿದ್ದರಿಂದ ಈಗ ‘ದಂಡನಿಯಮ’ ಕ್ಲಾಸಿನಲ್ಲಿ ಒಯ್ದ ದಿನಕ್ಕೆ 15 ದಿನ ಕೂಡಿಸುವ ಒಂದು ಸಾಲಿದೆ. ಅದನ್ನು 30 ಮಾಡಿ, ಜೂನ್ 1ಕ್ಕೆ ಒಯ್ದ ಪುಸ್ತಕದ ಗಡುವು ಜುಲೈ 1 ಎನ್ನುವ ಟೆಸ್ಟ್ ಸೇರಿಸಿ, 15 ದಿನದ ಲೆಕ್ಕದಲ್ಲಿ ಬರೆದಿದ್ದ ಹಳೆಯ ಟೆಸ್ಟುಗಳ ದಿನಾಂಕ ಸರಿಪಡಿಸಿದರೆ ಮುಗಿಯಿತು. ಸರ್ವ್‌ಲೆಟ್, ಡೇಟಾಬೇಸಿನ ಕ್ಲಾಸು, ನೆನಪೋಲೆ, ವರದಿ ಇವುಗಳಲ್ಲಿ ಒಂದಕ್ಷರವೂ ಬದಲಾಗಿಲ್ಲ.